ಬ್ರಾಂದಿ ಬಿಟ್ಟವನ ಆರೆಂಜ್ ಬಾಟಲಿ

ನನ್ನ ತಂಗಿಯ ಗಂಡನನ್ನು ನಮ್ಮ ವೆಲ್ಡಿಂಗ್ ಶಾಪಿನಲ್ಲಿ ಎಲ್ಲರೂ ಸನ್ಯಾಸಿ ಎಂದು ಕರೆಯುತ್ತಾರೆ. ಅವನು ಗಡ್ಡ ಬಿಟ್ಟವನಲ್ಲ, ಹೆಂಡತಿ ಮಗಳನ್ನು ಬಿಟ್ಟವನೂ ಅಲ್ಲ. ಬಿಟ್ಟದ್ದು ಬ್ರಾಂದಿ ಒಂದನ್ನೇ. ಆದರೆ ಬಿಟ್ಟ ರೀತಿ ಹಾಗಿತ್ತು, ಹೆಸರು ಅಂಟಿಕೊಂಡಿತು.

ಶಾಪ್ ನನ್ನದು. ತಗಡಿನ ಮಾಡು, ಕೆಳಗೆ ಕಬ್ಬಿಣದ ಪುಡಿ ತುಳಿದು ತುಳಿದು ಕಪ್ಪಾದ ನೆಲ, ಒಂದು ಗೋಡೆಗೆ ಒರಗಿಸಿದ ಗೇಟುಗಳು, ಇನ್ನೊಂದು ಗೋಡೆಗೆ ಕಿಟಕಿಯ ಸರಳುಗಳು. ಬಿಸಿಲು ಏರಿತೆಂದರೆ ಮೇಲಿನಿಂದ ತಗಡು ಸುಡುತ್ತದೆ, ಕೆಳಗಿನಿಂದ ಬೆಸುಗೆಯ ಕಿಡಿ ಸುಡುತ್ತದೆ, ನಡುವೆ ನಾವು. ಈ ಕೆಲಸಕ್ಕೆ ನನ್ನ ಸಿಟ್ಟೇ ಸಾಕು, ಕರೆಂಟು ಬೇಡ ಎಂದು ಹುಡುಗರು ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ಸನ್ಯಾಸಿಯದು ಬಂಗಾರದ ಕೈ. ಅವನು ಬೆಸುಗೆ ಎಳೆದರೆ ಟೈಲರು ಹೊಲಿಗೆ ಹಾಕಿದಂತೆ, ಒಂದೇ ಅಳತೆ, ಒಂದೇ ಗೆರೆ. ಮೇಲಿನ ಕಿಟ್ಟವನ್ನು ಸುತ್ತಿಗೆಯಿಂದ ತಟ್ಟಿ ಉದುರಿಸಿದರೆ ಒಳಗೆ ಹೊಸ ನಾಣ್ಯದ ಹಾಗೆ ಹೊಳೆಯುತ್ತಿತ್ತು. ಆ ಕೈ ನೋಡಿಯೇ ನಾನು ತಂಗಿಯನ್ನು ಕೊಟ್ಟದ್ದು. ಗ್ಲಾಸು ಹಿಡಿಯುವ ಕೈಯೂ ಅದೇ ಎಂಬುದು ಆಮೇಲೆ ಗೊತ್ತಾಯಿತು. ಮದುವೆಯಾದ ಹೊಸದರಲ್ಲಿ ಸಂಜೆಗೆ ಮಾತ್ರ ಇತ್ತು. ಮಗಳು ಹುಟ್ಟುವ ಹೊತ್ತಿಗೆ ಮಧ್ಯಾಹ್ನಕ್ಕೂ ಬಂತು.

ಆಗ ಒಬ್ಬರ ಮನೆಗೆ ಗೇಟು ಕೂರಿಸಿ ಬಂದಿದ್ದೆವು. ವಾರ ಕಳೆದಿರಲಿಲ್ಲ, ಆ ಮನೆಯ ಅಜ್ಜಿ ಕಸ ಹಾಕಲು ಗೇಟು ತೆಗೆದರೆ ಗೇಟು ತಿರುಗಲಿಲ್ಲ, ಬಿತ್ತು. ಅವರ ಕಾಲಿನಿಂದ ಒಂದು ಗೇಣು ಆಚೆ. ಹೋಗಿ ನೋಡಿದರೆ ಕೀಲಿನ ಬೆಸುಗೆ ಬಿಟ್ಟುಕೊಂಡಿತ್ತು. ಮೇಲೆ ನೋಡಲು ಚೆಂದ, ಒಳಗೆ ಕಬ್ಬಿಣ ಕಬ್ಬಿಣವನ್ನು ಹಿಡಿದೇ ಇರಲಿಲ್ಲ. ಕುಡಿದು ಹಾಕಿದ ಬೆಸುಗೆ. ಅಜ್ಜಿ ಬೈಯಲಿಲ್ಲ. "ನೀನು ಉಂಡ್ಯೇನಪ್ಪಾ? ಕೈ ಯಾಕೆ ನಡುಗ್ತಿದೆ?" ಎಂದು ಅವನನ್ನೇ ಕೇಳಿದರು. ಅಷ್ಟೇ, ಅವನು ಅಲ್ಲೇ ಕುಸಿದು ಕೂತ.

ಅಂದು ಮನೆಯಲ್ಲಿ ನನ್ನ ತಂಗಿ ಒಂದೇ ಮಾತು ಹೇಳಿದಳು. "ಇನ್ನೊಂದು ಸಲ ಬಾಯಿಗಿಟ್ಟರೆ ಮಗಳನ್ನ ಎತ್ಕೊಂಡು ಅಣ್ಣನ ಮನೆಗೆ ಹೋಗ್ತೀನಿ ರೀ. ಮತ್ತೆ ಬಾಗಿಲಿಗೆ ಬಂದು ಕರೀಬೇಡಿ."

ಮರುದಿನ ಅವನು ಶಾಪಿನ ಅಂಗಳದಲ್ಲಿ ಬಿದ್ದಿದ್ದ ಕಬ್ಬಿಣದ ತೊಲೆಯ ಮೇಲೆ ಹತ್ತಿ ನಿಂತ. ಮಷಿನ್‌ಗಳನ್ನೆಲ್ಲ ನಿಲ್ಲಿಸಿದ.

"ಎಲ್ರೂ ಕೇಳಿ. ಇವತ್ತಿಂದ ನಾನು ಬ್ರಾಂದಿ ಮುಟ್ಟಲ್ಲ. ಯಾರಾದ್ರೂ ನನ್ ಕೈಗೆ ಕೊಟ್ರೆ ಮುಖಕ್ಕೆ ಬಾರಿಸಿ."

ನಮ್ಮ ಪೇಂಟರು, ಗೇಟುಗಳಿಗೆ ಕೆಂಪು ಬಣ್ಣ ಬಳಿಯುವವನು, ಬ್ರಷ್ ಎತ್ತಿ ಕೇಳಿದ. "ಯಾರ ಮುಖಕ್ಕೆ? ಕೊಟ್ಟೋನದಕ್ಕಾ, ಇಸ್ಕೊಂಡೋನದಕ್ಕಾ?"

"ಇಬ್ಬರದಕ್ಕೂ!"

ಎಲ್ಲರೂ ಚಪ್ಪಾಳೆ ಹೊಡೆದರು. ನನ್ನ ಕಣ್ಣೂ ಒದ್ದೆಯಾಯಿತು, ಹೊಗೆ ಎಂದು ಒರೆಸಿಕೊಂಡೆ. ಅವತ್ತೇ ನಾನೊಂದು ಕಾನೂನು ಮಾಡಿದೆ. ಶಾಪಿನೊಳಗೆ ಇನ್ನು ಮದ್ಯ ಬರಬಾರದು. ಒಂದು ಗೇಟು ಮುಗಿಯಿತೆಂದರೆ ಮೂಲೆ ಅಂಗಡಿಯಿಂದ ಕೂಲ್ ಡ್ರಿಂಕ್ಸ್ ಕ್ರೇಟು ಬರಬೇಕು, ಮೊದಲ ಬಾಟಲಿ ಸನ್ಯಾಸಿಗೆ. ಅವನಿಗೆ ಆರೆಂಜು ಇಷ್ಟ. ಗೇಟು ಮುಗಿಯದ ದಿನ ಕೈ ನಡುಗಿದರೆ, ಬಾಯಿ ಒಣಗಿದರೆ, ಆಗಲೂ ಆರೆಂಜು. "ಕುಡಿಯೋ ಮಾರಾಯ, ಇದೇನು ವಿಷವಾ? ಮಕ್ಕಳು ಕುಡಿಯೋದು," ಎಂದು ನಾನೇ ಮುಚ್ಚಳ ತೆಗೆದು ಕೊಡುತ್ತಿದ್ದೆ. ತಂಗಿಯೂ ಮನೆಯಲ್ಲಿ ದೊಡ್ಡ ಬಾಟಲಿ ತಂದಿಟ್ಟಳು. ಬ್ರಾಂದಿಯ ಜಾಗಕ್ಕೆ ಏನು ಬಂದರೂ ಅದು ದೇವರು ಕೊಟ್ಟದ್ದು ಎಂದು ನಮ್ಮ ಲೆಕ್ಕ.

ಹೀಗೆ ಏಳೆಂಟು ವರ್ಷ ನಡೆಯಿತು. ಅವನು ನೀರು ಕುಡಿದದ್ದನ್ನು ಆ ವರ್ಷಗಳಲ್ಲಿ ನಾನು ನೋಡಿದ ನೆನಪಿಲ್ಲ. ಬೆಳಗ್ಗೆ ಶಾಪಿನ ಬಾಗಿಲು ಎತ್ತುವ ಮುಂಚೆ ಒಂದು ಬಾಟಲಿ, ಊಟದ ಜೊತೆ ಒಂದು, ಬೆಸುಗೆ ಮುಗಿಸಿ ಹೆಲ್ಮೆಟ್ ತೆಗೆದಾಗ ಒಂದು. ಕೈಕಾಲು ಹಾಗೇ ಸಣಕಲಾಗಿ ಉಳಿದು ಹೊಟ್ಟೆ ಮಾತ್ರ ಮುಂದೆ ಬಂತು. "ಸನ್ಯಾಸಿ, ನಿನಗೆ ಎಷ್ಟನೇ ತಿಂಗಳು?" ಎಂದು ಪೇಂಟರು ಕೇಳಿದರೆ ನಾನೂ ಹೊಟ್ಟೆ ಹಿಡಿದು ನಕ್ಕವನು. ಮುಂದಿನ ಹಲ್ಲುಗಳ ಅಂಚು ಕಂದಾಗಿ, ಹಳೆಯ ತಗಡಿನ ಹಾಗೆ ತೆಳ್ಳಗಾದವು. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ಕಲಿತ. ಊಟವಾದ ಮೇಲೆ ಹೆಲ್ಮೆಟ್ ಹಾಕಿಕೊಂಡೇ ತೂಕಡಿಸುತ್ತಿದ್ದ. ಮೊಣಕಾಲಿನ ಕೆಳಗೆ ಕಿಡಿ ಹಾರಿ ಆದ ಗಾಯ ನಮಗಾದರೆ ನಾಲ್ಕು ದಿನಕ್ಕೆ ಒಣಗುತ್ತದೆ, ಅವನದು ತಿಂಗಳಾದರೂ ಹಸಿಯಾಗಿಯೇ ಇತ್ತು. ಮತ್ತೆ ಮತ್ತೆ ಬಾಯಾರಿಕೆ. ಬಾಯಾರಿಕೆಗೆ ಮತ್ತೆ ಆರೆಂಜು. ಕುಡಿದಷ್ಟೂ ಬಾಯಿ ಒಣಗುವುದು, ಒಣಗಿದಷ್ಟೂ ಕುಡಿಯುವುದು.

ಹಲ್ಲು ನೋವು ತಡೆಯಲಾರದೆ ಹಲ್ಲಿನ ಡಾಕ್ಟರ ಬಳಿ ಹೋದಾಗ ಎರಡು ಹಲ್ಲು ಕಿತ್ತು, ಸಿಹಿ ಬಾಟಲಿ ಬಿಡಬೇಕು ಎಂದು ಹೇಳಿ ಕಳಿಸಿದರು. ತಂಗಿ ಆವತ್ತೇ ಮನೆಯ ಬಾಟಲಿಗಳನ್ನು ಹೊರಗೆ ಹಾಕಿದಳು. ಅವನು "ಬಿಟ್ಟೆ ಬಿಡು" ಎಂದ. ಶಾಪಿನಲ್ಲೂ ಮೊದಲ ಬಾಟಲಿಯನ್ನು ಬೇಡವೆಂದು ಪಕ್ಕಕ್ಕೆ ಸರಿಸತೊಡಗಿದ. ಬ್ರಾಂದಿಯನ್ನೇ ಬಿಟ್ಟವನು, ಇದು ಯಾವ ಮಹಾ ಎಂದುಕೊಂಡೆವು. ಆ ದಿನಗಳಿಂದ ಅವನ ಪಕ್ಕದಲ್ಲಿ ಒಂದು ಸ್ಟೀಲ್ ಫ್ಲಾಸ್ಕು ಇರುತ್ತಿತ್ತು. ಕೇಳಿದರೆ, "ಬಿಸಿನೀರು ಭಾವ, ಹಲ್ಲಿಗೆ ಒಳ್ಳೇದು," ಎನ್ನುತ್ತಿದ್ದ. ಆಕ್ಸಿಜನ್ ಸಿಲಿಂಡರಿನ ಹಿಂದೆ ಇಡುತ್ತಿದ್ದ. ಬಿಸಿನೀರನ್ನು ಯಾರಾದರೂ ಸಿಲಿಂಡರಿನ ಹಿಂದೆ ಬಚ್ಚಿಡುತ್ತಾರೆಯೇ ಎಂದು ನನ್ನ ತಲೆಗೆ ಹೊಳೆಯಲಿಲ್ಲ.

ಈ ವರ್ಷ ಬೇಸಿಗೆಯ ಮೊದಲಿಗೆ ಅವನಿಗೆ ಬಲಪಕ್ಕೆಯ ಕೆಳಗೆ ಭಾರ ಶುರುವಾಯಿತು. ಕಲ್ಲು ಇಟ್ಟ ಹಾಗೆ ಎನ್ನುತ್ತಿದ್ದ. ತಂಗಿ ಬಲವಂತ ಮಾಡಿ ಡಾಕ್ಟರಮ್ಮನ ಬಳಿ ಕರೆದುಕೊಂಡು ಹೋದಳು, ಅವರು ರಕ್ತ ಪರೀಕ್ಷೆಗೂ ಸ್ಕ್ಯಾನಿಂಗಿಗೂ ಬರೆದುಕೊಟ್ಟರು. ಸ್ಕ್ಯಾನ್ ಮಾಡುವ ಮನುಷ್ಯ ಹೊಟ್ಟೆಯ ಮೇಲೆ ಜೆಲ್ಲು ಸವರಿ, ಟಿವಿಯಂಥ ಪೆಟ್ಟಿಗೆ ನೋಡಿಕೊಂಡೇ ಕೇಳಿದನಂತೆ.

"ದಿನಾ ಬ್ರಾಂದಿ ವಿಸ್ಕಿ ತಗೋತೀರಾ?"

"ಇಲ್ಲ."

"ಮುಂಚೆ?"

"ಮುಂಚೆ ಇತ್ತು. ಬಿಟ್ಟು ತುಂಬಾ ವರ್ಷ ಆಯ್ತು."

"ಲಿವರ್ ತುಂಬಾ ಕೊಬ್ಬು ಕಟ್ಟಿದೆ. ಹೆಚ್ಚಾಗಿ ಕುಡಿಯೋರಲ್ಲೇ ನಾವು ನೋಡೋದು. ಏನಿದ್ರೂ ಡಾಕ್ಟರ ಹತ್ರ ನಿಜ ಹೇಳಿಬಿಡಿ," ಎಂದು ಅವನು ಟಿಶ್ಯೂ ಕೈಗೆ ಕೊಟ್ಟನಂತೆ.

ತಂಗಿ ಪಕ್ಕದಲ್ಲೇ ನಿಂತಿದ್ದಳು.  ಮನೆಗೆ ಬಂದು ಬ್ಯಾಗಿಗೆ ಬಟ್ಟೆ ತುಂಬಿದಳು. "ಯಾವಾಗಿಂದ ರೀ?" ಎಂದು ಒಂದೇ ಸಲ ಕೇಳಿದಳು. ಅವನು ಗೋಡೆ ನೋಡುತ್ತ ಕೂತಿದ್ದ. ಇಲ್ಲ ಎನ್ನಲಿಲ್ಲ, ಹೌದು ಎನ್ನಲಿಲ್ಲ. ಅವಳು ತನ್ನ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಮಗಳನ್ನು ಕರೆದುಕೊಂಡು ನನ್ನ ಮನೆಗೆ ಬಂದಳು.

"ಸುಮ್ಮನಿದ್ರಲ್ಲ ಅಣ್ಣ, ಅದಕ್ಕೇ ಗೊತ್ತಾಯ್ತು," ಎಂದಳು. "ಕುಡೀದೇ ಇದ್ದಿದ್ರೆ ನನ್ನ ಮೇಲೆ ಎಗರಾಡ್ತಿದ್ರು."

ನನಗೆ ಸಿಟ್ಟು ನೆತ್ತಿಗೇರಿತು. ಬೆಳಗ್ಗೆ ಶಾಪಿಗೆ ಹೋದವನು ಬೀಗ ತೆಗೆದು, ಅವನು ಬರುವುದನ್ನೇ ಕಾದೆ. ಬಂದ. ಫ್ಲಾಸ್ಕನ್ನು ಸಿಲಿಂಡರಿನ ಹಿಂದೆ ಇಟ್ಟ. ಆಗ ನನ್ನ ತಲೆಯಲ್ಲಿ ದೀಪ ಹೊತ್ತಿತು.

"ತಾ ಇಲ್ಲಿ ಅದನ್ನ."

"ಭಾವ, ಬೇಡಿ."

"ತಾ ಅಂದ್ರೆ ತಾ!"

ಕೈಯಿಂದ ಕಿತ್ತುಕೊಂಡೆ. ಎಲ್ಲರೂ ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಮುಚ್ಚಳ ತಿರುಗಿಸಿ ಮೂಗಿಗೆ ಹಿಡಿದೆ. ಆರೆಂಜಿನ ವಾಸನೆ. ಒಂದು ಗುಟುಕು ಬಾಯಿಗೆ ಹಾಕಿದೆ. ಸಿಹಿ. ನನ್ನ ಸಿಟ್ಟು ಅಷ್ಟಕ್ಕೆ ಇಳಿಯುವಂಥದ್ದಲ್ಲ. "ಇದರೊಳಗೆ ಬೆರೆಸಿದೀಯ ಅಲ್ವಾ? ನನ್ನನ್ನೇನು ದಡ್ಡ ಅಂದ್ಕೊಂಡ್ಯಾ? ಪೇಂಟರೇ, ಬಾರಯ್ಯ ಇಲ್ಲಿ, ನಿನ್ನ ನಾಲಿಗೆಗೆ ಗೊತ್ತಾಗದ ಬ್ರಾಂದಿ ಇಲ್ಲ, ನೋಡಿ ಹೇಳು!"

ಪೇಂಟರು ಕೈ ಒರೆಸಿಕೊಂಡು ಬಂದು, ಡಾಕ್ಟರು ಔಷಧ ನೋಡುವ ಹಾಗೆ ಒಂದು ಗುಟುಕು ಬಾಯಲ್ಲಿ ಆಡಿಸಿದ. "ಮೇಸ್ತ್ರಿ, ಇದರಲ್ಲಿ ಬ್ರಾಂದಿ ಇದ್ದಿದ್ರೆ ನಾನು ಮುಚ್ಚಳ ತೆಗೆಯೋ ಮುಂಚೆ ಹೇಳ್ತಿದ್ದೆ. ಇದು ಬರೀ ಆರೆಂಜು. ಅದೂ ಗ್ಯಾಸು ಹೋಗಿ ಸತ್ತಿರೋದು."

ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು. ಸನ್ಯಾಸಿ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದ. ಅವನು ನಗುತ್ತಿರಲಿಲ್ಲ.

ಅವನನ್ನು ಹಿಂದಿನ ಗೋಡೆಯ ಬಳಿಗೆ ಎಳೆದುಕೊಂಡು ಹೋದೆ. "ಹಾಗಾದ್ರೆ ಬ್ರಾಂದಿ ಕುಡಿದಿಲ್ಲ?"

"ಆ ಅಜ್ಜಿ ಕಾಲಿನಾಣೆಗೂ ಇಲ್ಲ ಭಾವ."

"ಮತ್ತೆ ಅವಳು ಕೇಳಿದಾಗ ಬಾಯಿಗೇನು ವೆಲ್ಡಿಂಗ್ ಮಾಡ್ಕೊಂಡಿದ್ಯಾ? ಹೇಳ್ಬೇಕಾಗಿತ್ತು!"

"ಏನಂತ ಹೇಳ್ಲಿ? ಬಿಟ್ಟೆ ಅಂತ ಹೇಳಿ ಇಷ್ಟು ದಿನ ಕದ್ದು ಕುಡಿದಿದೀನಿ. ಏನು ಕುಡಿದೆ ಅಂದ್ರೆ ಜ್ಯೂಸು ಅನ್ನಬೇಕಾ? ಬ್ರಾಂದಿ ಕುಡಿದು ಲಿವರ್ ಹೋಯ್ತು ಅಂದ್ರೆ ಜನ ಅಯ್ಯೋ ಅಂತಾರೆ, ಇಲ್ಲ ಥೂ ಅಂತಾರೆ. ಜ್ಯೂಸು ಬಿಡಕ್ಕಾಗಲಿಲ್ಲ ಅಂದ್ರೆ?" ಅವನು ಶಾಪಿನ ಕಡೆ ಕೈ ತೋರಿಸಿದ. ಒಳಗೆ ಇನ್ನೂ ನಗುತ್ತಿದ್ದರು. "ಕೇಳಿಸ್ತಾ?"

 ಹೆಂಡತಿ ಮಗಳು ಮನೆ ಬಿಟ್ಟು ಹೋದರೂ ಸರಿ, ಬ್ರಾಂದಿ ಕುಡಿದ ಎಂದು ತಿಳಿದರೂ ಸರಿ, ಈ ಬಾಟಲಿಯ ಹೆಸರು ಹೇಳಲಾರೆ ಎಂದು ಕೂತಿದ್ದನಲ್ಲ ಪುಣ್ಯಾತ್ಮ! ಹೊಡೆಯಬೇಕು ಅನ್ನಿಸಿತು. ಅವನ ಹೊಟ್ಟೆ ನೋಡಿದೆ, ಪಟ್ಟಿ ಸುತ್ತಿದ ಕಾಲು ನೋಡಿದೆ. ಎತ್ತಿದ ಕೈಯನ್ನು ಅವನ ಹೆಗಲ ಮೇಲೆ ಹಾಕಿದೆ. "ನಡಿ, ಡಾಕ್ಟರಮ್ಮನ ಮುಂದೆ ಹೇಳು. ಅವಳನ್ನೂ ಕರೀತೀನಿ."

ಡಾಕ್ಟರಮ್ಮನ ಕೋಣೆಯಲ್ಲಿ ಮೂರು ಕುರ್ಚಿ. ತಂಗಿ ನಡುವೆ ನನ್ನನ್ನು ಕೂರಿಸಿ ಆ ತುದಿಗೆ ಕೂತಳು, ಅವನು ಈ ತುದಿಗೆ. ಡಾಕ್ಟರಮ್ಮ ರಕ್ತ ಪರೀಕ್ಷೆಯದನ್ನೂ ಸ್ಕ್ಯಾನಿನದನ್ನೂ ನೋಡಿ, "ಸಕ್ಕರೆ ಕಾಯಿಲೆ ಬಂದಾಗಿದೆ," ಎಂದರು. ಆಮೇಲೆ ಅವನನ್ನೇ ಕೇಳಿದರು. "ದಿನಾ ಏನೇನು ತಗೋತೀರಿ, ಬೆಳಗ್ಗೆಯಿಂದ ಹೇಳಿ ನೋಡೋಣ."

ಅವನು ಹೇಳಿದ. ಮೇಜಿನ ಅಂಚನ್ನು ನೋಡುತ್ತ, ಒಂದೊಂದೇ ಬಾಟಲಿ ಇಳಿಸಿಟ್ಟ ಹಾಗೆ ಹೇಳಿದ. ಫ್ಲಾಸ್ಕಿನ ವಿಷಯ ಬಂದಾಗ ದನಿ ಸಣ್ಣದಾಯಿತು. ಕೊನೆಗೆ ಯಾರೂ ಕೇಳದಿದ್ದರೂ ಇನ್ನೊಂದು ಮಾತು ಸೇರಿಸಿದ.

"ಮಗಳಿಗೂ ಕೊಟ್ಟಿದೀನಿ ಮೇಡಂ. ಅಮ್ಮಂಗೆ ಹೇಳ್ಬೇಡ ಅಂತ ಹೇಳಿ ಕೊಟ್ಟಿದೀನಿ."

ತಂಗಿಯ ಕುರ್ಚಿ ಸದ್ದು ಮಾಡಿತು. ಅವಳು ಏಳಲಿಲ್ಲ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ನೀವು ಮದ್ಯ ಮುಟ್ಟಿಲ್ಲ ಅಂತ ನಾನು ನಂಬ್ತೀನಿ. ಈ ಲಿವರ್ ಹೀಗಾಗೋಕೆ ಮದ್ಯವೇ ಬೇಕು ಅಂತಿಲ್ಲ." ಅಂಗೈಯನ್ನು ಬಟ್ಟಲು ಮಾಡಿ ತೋರಿಸಿದರು. "ಒಂದೊಂದು ಬಾಟಲಿಯಲ್ಲಿ ಇಷ್ಟು ಸಕ್ಕರೆ ಇರತ್ತೆ. ಇಷ್ಟನ್ನ ಚಮಚದಲ್ಲಿ ತಿನ್ನಿ ಅಂದ್ರೆ ಯಾರೂ ತಿನ್ನಲ್ಲ. ನೀರಲ್ಲಿ ಕರಗಿಸಿ ತಣ್ಣಗೆ ಮಾಡಿ ಕೊಟ್ರೆ ಗಟಗಟ ಇಳಿಯತ್ತೆ, ಹೊಟ್ಟೆ ತುಂಬಿದ ಹಾಗೂ ಅನ್ಸಲ್ಲ. ಲಿವರ್‌ಗೆ ಒಂದೇ ಸಲ ಅಷ್ಟು ಬಂದು ಬಿದ್ರೆ ಅದೇನು ಮಾಡ್ಬೇಕು? ಕೊಬ್ಬು ಮಾಡಿ ಅಲ್ಲೇ ಇಟ್ಕೊಳ್ಳತ್ತೆ. ದಿನಾ ಹೀಗೆ ಬಂದ್ರೆ ಹಲ್ಲು, ತೂಕ, ಸಕ್ಕರೆ ಕಾಯಿಲೆ, ಲಿವರ್, ಎಲ್ಲಕ್ಕೂ ಪೆಟ್ಟು. ಕಾಲಿನ ಗಾಯ ಒಣಗದೇ ಇರೋದೂ ಅದಕ್ಕೇ."

"ವಾಸಿಯಾಗತ್ತಾ ಮೇಡಂ?" ನಾನೇ ಕೇಳಿದೆ. ನನ್ನ ದನಿ ನನಗೇ ಬೇರೆಯವರದಂತೆ ಕೇಳಿಸಿತು. ಬಾಟಲಿಯ ಮುಚ್ಚಳ ತೆಗೆದು ಕೊಡುತ್ತಿದ್ದ ಕೈ ಮೇಜಿನ ಮೇಲಿತ್ತು, ಕೆಳಗೆ ತೆಗೆದುಕೊಂಡೆ.

"ಸಕ್ಕರೆ ಕಾಯಿಲೆಗೆ ಮಾತ್ರೆ, ಪಥ್ಯ ಎರಡೂ ಬೇಕು. ಲಿವರ್ ಇನ್ನೂ ಕೈ ಮೀರಿಲ್ಲ. ಈಗ ಬಿಟ್ಟು, ತೂಕ ಇಳಿಸಿದ್ರೆ ಕೊಬ್ಬು ಕರಗೋ ಸಾಧ್ಯತೆ ಇದೆ. ಹೀಗೇ ಮುಂದುವರಿದ್ರೆ ನಾನೇನೂ ಹೇಳಲಾರೆ."

ಹೊರಗೆ ಬಂದು ಮೆಟ್ಟಿಲ ಬಳಿ ನಿಂತೆವು. ತಂಗಿ ಆಗ ಅವನ ಕಡೆ ತಿರುಗಿದಳು.

"ಬ್ರಾಂದಿ ಅಂತ ನಾನು ಅಂದ್ಕೊಂಡು ಮನೆ ಬಿಟ್ಟೆ. ನೀವು ನೋಡ್ತಾ ಕೂತಿದ್ರಿ. ಒಂದು ಮಾತು ಹೇಳಿದ್ರೆ ನಾನು ಬ್ಯಾಗು ಇಳಿಸ್ತಿದ್ದೆ. ಆ ಜ್ಯೂಸಿನ ಮುಂದೆ ನಿಮ್ಮ ಮಾನ ಉಳೀಲಿ ಅಂತ ನನ್ನನ್ನ ಕಳ್ಕೊಳ್ಳೋಕೆ ರೆಡಿ ಇದ್ರಾ?"

ಅವನು ಬಗ್ಗಿ ಕಾಲಿನ ಪಟ್ಟಿ ಸರಿಮಾಡಿಕೊಂಡ.

"ಅವತ್ತು ತೊಲೆ ಹತ್ತಿ ಎಲ್ಲರ ಮುಂದೆ ಹೇಳಿದ್ರಿ. ಅದಕ್ಕೇ ಬಿಡೋಕಾಯ್ತು. ಇದನ್ನೂ ಹಾಗೇ ಹೇಳಿ. ನಗ್ತಾರೆ, ನಗಲಿ. ಹೇಳೋಕಾಗಲ್ಲ ಅಂದ್ರೆ ನಾನು ಅಣ್ಣನ ಮನೆಯಲ್ಲೇ ಇರ್ತೀನಿ. ಕದ್ದು ಕುಡಿಯೋರ ಜೊತೆ ಒಂದು ಸಲ ಬಾಳಿದೀನಿ, ಇನ್ನೊಂದು ಸಲ ಆಗಲ್ಲ."

ಅವನು ಮೂರು ದಿನ ಶಾಪಿಗೆ ಬಂದ, ಕೆಲಸ ಮಾಡಿದ, ಹೋದ. ಬಾಯಾರಿದಾಗ ನಲ್ಲಿಗೆ ಬಾಯಿಟ್ಟು, ಕಹಿ ಔಷಧ ಕುಡಿದವನಂತೆ ಮುಖ ಕಿವಿಚುತ್ತಿದ್ದ. ತಲೆನೋವು ಎಂದು ಹಣೆ ಹಿಡಿದುಕೊಳ್ಳುತ್ತಿದ್ದ. ತೊಲೆಯ ಕಡೆ ಮಾತ್ರ ನೋಡುತ್ತಿರಲಿಲ್ಲ. ನಾನು ಬಾಯಿ ತೆರೆದರೆ ಬೈಗುಳವೇ ಬರುತ್ತದೆಂದು ಬಾಯಿ ಮುಚ್ಚಿಕೊಂಡಿದ್ದೆ.

ನಾಲ್ಕನೆಯ ದಿನ ಒಂದು ದೊಡ್ಡ ಗೇಟು ಮುಗಿಯಿತು. ಎರಡು ಬಾಗಿಲಿನದು, ಮೇಲೆ ಕಮಾನು. ಬಣ್ಣವೂ ಆಯಿತು. ರೂಢಿಯಂತೆ ಮೂಲೆ ಅಂಗಡಿಯವನು ಕ್ರೇಟು ತಂದಿಟ್ಟು ಹೋದ. ಅಂಗಡಿಯವನಿಗೆ ತರಬೇಡ ಎನ್ನಬೇಕೆಂದು ಯಾರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ತಗಡು ಕಾದಿತ್ತು, ಗಂಟಲು ಒಣಗಿತ್ತು. ಎಲ್ಲರೂ ಒಂದೊಂದು ಎತ್ತಿಕೊಂಡರು.

ಆಗ ಬಾಗಿಲಲ್ಲಿ ತಂಗಿ ಕಾಣಿಸಿದಳು. ಮಗಳ ಶಾಲೆಯಿಂದ ಬರುವ ದಾರಿಯಲ್ಲಿ ನನ್ನ ಊಟದ ಡಬ್ಬಿ ತೆಗೆದುಕೊಂಡು ಹೋಗಲು ಬಂದಿದ್ದಳು. ಒಳಗೆ ಬರಲಿಲ್ಲ, ಮಗಳ ಕೈ ಹಿಡಿದು ಅಲ್ಲೇ ನಿಂತಳು.

ಸನ್ಯಾಸಿ ಅವರನ್ನು ನೋಡಿದ. ಹೆಲ್ಮೆಟ್ ತೆಗೆದು ನೆಲಕ್ಕಿಟ್ಟ. ಕುಂಟುತ್ತ ಹೋಗಿ ತೊಲೆ ಹತ್ತಿದ. ಒಮ್ಮೆ ಜಾರಿದ, ಮತ್ತೆ ಹತ್ತಿದ.

"ಎಲ್ರೂ ಕೇಳಿ," ಎಂದ.  ಕೆಮ್ಮಿ ಮತ್ತೆ ಹೇಳಿದ. "ನಂಗೆ ಈ ಜ್ಯೂಸು ಬಿಡಕ್ಕಾಗ್ತಿಲ್ಲ. ಬಿಟ್ಟೆ ಅಂದಿದ್ದೆ, ಸುಳ್ಳು. ಫ್ಲಾಸ್ಕಲ್ಲಿ ಇದೇ ಇತ್ತು. ಸಕ್ಕರೆ ಕಾಯಿಲೆ ಬಂದಿದೆ, ಲಿವರ್ ಕೊಬ್ಬು ಕಟ್ಟಿದೆ. ಮಗಳಿಗೂ ಕುಡಿಸಿದೀನಿ, ಸುಳ್ಳು ಹೇಳೋದೂ ಕಲಿಸಿದೀನಿ. ಇನ್ಮೇಲೆ ಯಾರೂ ನನ್ ಕೈಗೆ ಕೊಡ್ಬೇಡಿ."

 ಆಮೇಲೆ ಪೇಂಟರು ಬಾಯಿ ಬಿಟ್ಟ. "ಬ್ರಾಂದಿ ಆಯ್ತು, ಜ್ಯೂಸು ಆಯ್ತು. ಮುಂದಿನ ವರ್ಷ ನೀರು ಬಿಡ್ತೀಯೇನೋ ಸನ್ಯಾಸಿ?"

ಶಾಪು ಬಿದ್ದು ಬಿದ್ದು ನಕ್ಕಿತು. ಅವನು ತೊಲೆಯ ಮೇಲೆ ಹಾಗೇ ನಿಂತಿದ್ದ. ಈ ಸಲ ಬಾಯಿಗೆ ಕೈ ಅಡ್ಡ ಹಿಡಿಯಲಿಲ್ಲ. ಕಿತ್ತ ಹಲ್ಲಿನ ಸಂದು, ಕಂದಾದ ಹಲ್ಲು ಎಲ್ಲವೂ ಕಾಣುತ್ತಿದ್ದವು. ಬಾಗಿಲಲ್ಲಿ ಮಗಳು ತಾಯಿಯ ಸೆರಗಿನ ಹಿಂದೆ ಸರಿದಳು.

"ಬಾಯಿ ಮುಚ್ರೋ ಕತ್ತೆಗಳಾ!" ನಾನು ಕೂಗಿದ ಕೂಗಿಗೆ ತಗಡು ನಡುಗಿರಬೇಕು. "ಯಾವನಾದ್ರೂ ಇನ್ನೊಂದು ಸಲ ನಕ್ರೆ ಇದೇ ಬಾಟಲಿಯಲ್ಲಿ ತಲೆ ಒಡೀತೀನಿ!"

ಯಾರೂ ನನ್ನ ಮುಖ ನೋಡಲಿಲ್ಲ, ಎಲ್ಲರೂ ನನ್ನ ಕೈ ನೋಡಿದರು. ನಾನೂ ನೋಡಿದೆ. ಬಾಟಲಿ ಅರ್ಧ ಖಾಲಿಯಾಗಿತ್ತು. ಆರೆಂಜು.

ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಕ್ರೇಟಿಗೆ ವಾಪಸು ಇಡುವ ಹಾಗಿಲ್ಲ, ಬೇರೆಯವರ ಕೈಗೆ ಕೊಡುವ ಹಾಗಿಲ್ಲ, ಕುಡಿದು ಮುಗಿಸುವ ಹಾಗಂತೂ ಇಲ್ಲ. ಕಾದ ಕಬ್ಬಿಣ ಅದ್ದುವ ನೀರಿನ ಬಕೆಟ್ ಪಕ್ಕದಲ್ಲಿತ್ತು, ಅದಕ್ಕೆ ಸುರಿದೆ. ಕಪ್ಪು ನೀರಿನ ಮೇಲೆ ನೊರೆ ಎದ್ದು ಇಳಿಯಿತು. ಪೇಂಟರು ತನ್ನ ಬಾಟಲಿಯನ್ನು ಸದ್ದಾಗದಂತೆ ನೆಲಕ್ಕಿಟ್ಟ. ಮಿಕ್ಕವರಲ್ಲಿ ಕೆಲವರು ಇಟ್ಟರು, ಕೆಲವರು ಗೋಡೆಯ ಕಡೆ ತಿರುಗಿ ಕುಡಿದು ಮುಗಿಸಿದರು.  ಅವರಿಗೆ ಬೇಡವೆಂದು ಹೇಳುವ ಬಾಯಿ ನನಗಿರಲಿಲ್ಲ.

ಸನ್ಯಾಸಿ ಬಕೆಟ್ಟಿನ ನೊರೆಯನ್ನೇ ನೋಡುತ್ತಿದ್ದ.  ಮುಖ ತಿರುಗಿಸಿಕೊಂಡು ಕೆಳಗಿಳಿದ.

ತಂಗಿ ಕಬ್ಬಿಣದ ತುಂಡುಗಳನ್ನು ದಾಟಿಕೊಂಡು ಒಳಗೆ ಬಂದಳು. ಶಹಬ್ಬಾಸ್ ಎನ್ನಲಿಲ್ಲ, ಅಳಲಿಲ್ಲ. ಅವನ ಮುಂದೆ ಕೈ ಚಾಚಿದಳು.

"ಬೀಗದ ಕೈ ಕೊಡಿ."

ಅವನು ಜೇಬು ತಡಕಾಡಿದ. ಅವಳು ಮೇಜಿನ ಮೇಲೆ ಬಿಟ್ಟು ಹೋದ ಬೀಗದ ಕೈಯನ್ನು ಅಷ್ಟೂ ದಿನ ಜೇಬಿನಲ್ಲೇ ಇಟ್ಟುಕೊಂಡು ತಿರುಗಿದ್ದನೆಂದು ಕಾಣುತ್ತದೆ. ಮಸಿ ಹತ್ತಿದ ಬೆರಳಿನಿಂದ ಎತ್ತಿಕೊಟ್ಟ.

"ಬರುವಾಗ ಆ ಫ್ಲಾಸ್ಕನ್ನ ತನ್ನಿ," ಎಂದಳು. "ನಾಳೆಯಿಂದ ನಾನು ತುಂಬಿಸಿ ಕೊಡ್ತೀನಿ."

ಈಗ ಅವನು ಮಾತ್ರೆ ನುಂಗುತ್ತಾನೆ, ಫ್ಲಾಸ್ಕಿನ ನೀರು ಕುಡಿಯುತ್ತಾನೆ. ಕಾಲಿನ ಗಾಯ ಒಣಗುತ್ತಿದೆ. ಹೊಟ್ಟೆ ಸ್ವಲ್ಪ ಇಳಿದಿದೆ, ಲಿವರಿನದು ಮುಂದಿನ ಸ್ಕ್ಯಾನಿಂಗಿನಲ್ಲಿ ಗೊತ್ತಾಗಬೇಕು. ಮಗಳು ಅಪ್ಪನ ಫ್ಲಾಸ್ಕಿನ ಮುಚ್ಚಳ ತೆಗೆದು ಮೂಸಿ ನೋಡಿದ ಮೇಲೆಯೇ ಅವನನ್ನು ಕೆಲಸಕ್ಕೆ ಬಿಡುತ್ತಾಳಂತೆ. ಅವನು ಬಾಗಿಲಲ್ಲಿ ತಲೆ ತಗ್ಗಿಸಿ ನಿಂತು ಮೂಸಿಸಿಕೊಂಡು ಬರುತ್ತಾನೆ.

ಕ್ರೇಟು ಬರುವುದು ನಿಂತಿದೆ. ಆದರೆ ಬಿಸಿಲು ಏರಿದಾಗ ನಾನು ಏನೋ ಕೆಲಸದ ನೆಪ ಹೇಳಿ ಮೂಲೆ ಅಂಗಡಿಯ ತನಕ ನಡೆಯುತ್ತೇನೆ. ಅಂಗಡಿಯವನು ನನ್ನನ್ನು ಕಂಡ ಕೂಡಲೇ ಫ್ರಿಜ್ಜಿನ ಬಾಗಿಲಿಗೆ ಕೈ ಹಾಕುತ್ತಾನೆ. ಕೆಲವು ದಿನ "ಬೇಡ" ಎನ್ನುತ್ತೇನೆ. ಕೆಲವು ದಿನ ಅನ್ನುವುದಿಲ್ಲ. ಅಂಥ ದಿನ ಶಾಪಿಗೆ ಮರಳುವ ಮುಂಚೆ ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿಕೊಂಡು ಒಳಗೆ ಬರುತ್ತೇನೆ. ಸನ್ಯಾಸಿ ಹೆಲ್ಮೆಟ್ ಎತ್ತಿ ನನ್ನ ಒದ್ದೆ ಮೀಸೆಯನ್ನು ಒಮ್ಮೆ ನೋಡುತ್ತಾನೆ, ಏನೂ ಕೇಳದೆ ಹೆಲ್ಮೆಟ್ ಇಳಿಸಿಕೊಳ್ಳುತ್ತಾನೆ. ತೊಲೆ ಇನ್ನೂ ಅಂಗಳದಲ್ಲೇ ಇದೆ.